ಬೌಲ್ ಹಾಕಿದ್ರೆ ಲೇತ್ ಪೂರ್ತಿ ಅದರುತ್ತೆ, ಬೇರಿಂಗ್ ಹೋಗಿದ್ಯಾ?

ಮರದಹುಡಿ:
ನಮಸ್ಕಾರ ಎಲ್ರಿಗೂ. ಶೆಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಮರದ ಲೇತ್ ಇದೆ, ಅರ್ಧ ಎಚ್‌ಪಿ ಮೋಟ್ರು, ಸ್ಟೆಪ್ ಪುಲ್ಲಿ (ಬೆಲ್ಟನ್ನ ಬೇರೆ ಮೆಟ್ಟಿಲಿಗೆ ಹಾಕಿ ಸ್ಪೀಡ್ ಬದಲಾಯಿಸೋದು). ಲಟ್ಟಣಿಗೆ, ಬುಗುರಿ ಮಾಡೋವಾಗ ಆರಾಮಾಗಿ ಓಡುತ್ತೆ. ಈಗ ಬೌಲ್ ಮಾಡೋಕೆ ಅಂತ ಹಲಸಿನ ಮರದ 10 ಇಂಚು ಅಗಲದ ತುಂಡನ್ನ ಫೇಸ್‌ಪ್ಲೇಟಿಗೆ (ಮರ ಸ್ಕ್ರೂ ಮಾಡೋ ತಟ್ಟೆ) ಹಾಕಿ ಸ್ವಿಚ್ ಒತ್ತಿದ್ರೆ ಸ್ಟ್ಯಾಂಡ್ ಸಮೇತ ಅದರುತ್ತೆ, ಗರ್ರ್ ಅಂತ ಸೌಂಡ್ ಬೇರೆ. ಬೆಲ್ಟು 1400 ಆರ್‌ಪಿಎಂ (ನಿಮಿಷಕ್ಕೆ 1400 ಸುತ್ತು) ಸ್ಟೆಪ್ಪಲ್ಲಿದೆ. ಇನ್ನೊಂದು, ನಿನ್ನೆ ಕರೆಂಟ್ ಹೋಗಿ ಬಂದಾಗ ಮಷೀನ್ ತಾನಾಗೇ ತಿರುಗೋಕೆ ಶುರುವಾಯ್ತು, ಮಗಳು ಪಕ್ಕದಲ್ಲೇ ನಿಂತಿದ್ಲು, ಎದೆ ಝಲ್ ಅಂತು. ಏನ್ ಮಾಡ್ಲಿ?

ಉಳಿಸುತ್ತಿಗೆ:
ಮೊದ್ಲು ಸ್ಪೀಡ್ ಇಳಿಸಿ ಸಾರ್. ಇಂಚಲ್ಲಿ ಅಗಲ ಇಂಟು ಆರ್‌ಪಿಎಂ 6000ದಿಂದ 9000 ಒಳಗಿರ್ಬೇಕು, ನಿಮ್ದು 14000 ಆಯ್ತು, ಅಂದ್ರೆ ಆ ತುಂಡಿನ ಅಂಚು ಗಂಟೆಗೆ 65 ಕಿಮೀ ಮೇಲೆ ಓಡ್ತಿದೆ, ಬಿಚ್ಕೊಂಡು ಮುಖಕ್ಕೆ ಬಂದ್ರೆ ಕನ್ನಡಕ ಸಾಲಲ್ಲ, ಫೇಸ್ ಶೀಲ್ಡೇ ಬೇಕು. ಮೂಲೆಗಳನ್ನ ಗರಗಸದಲ್ಲಿ ಕತ್ತರಿಸಿ ದುಂಡಗೆ ಮಾಡ್ಕೊಂಡು, ಎಲ್ಲಕ್ಕಿಂತ ಕಮ್ಮಿ ಸ್ಪೀಡಲ್ಲಿ ಶುರು ಮಾಡಿ, ಇನ್ನೊಂದು ತುದಿಯಿಂದ ಟೇಲ್‌ಸ್ಟಾಕ್ (ಎದುರು ಬದಿಯ ಆಧಾರ) ಕೊಟ್ಟು ಒತ್ತಿಟ್ಕೊಳ್ಳಿ. ಸ್ವಿಚ್ ಹಾಕೋ ಮುಂಚೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಉಳಿ ಒರಗಿಸೋ ಟೂಲ್ ರೆಸ್ಟಿಗೆ ತಾಗುತ್ತಾ ನೋಡಿ. ಬೇರಿಂಗ್ ಚೆಕ್ ಮಾಡೋಕೆ ಪ್ಲಗ್ ಕಿತ್ತು, ಬೆಲ್ಟ್ ತೆಗೆದು ಸ್ಪಿಂಡಲ್ (ಮರನ ತಿರುಗಿಸೋ ದಂಡ) ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಕರಕರ ಅಂದ್ರೆ ಅಥವಾ ಆಟ (ಸಡಿಲ) ಇದ್ರೆ ಬೇರಿಂಗ್ ಬದಲಾಯಿಸ್ಲೇಬೇಕು.

ವೈರಿಂಗ್‌ಅಣ್ಣ:
ಕರೆಂಟ್ ವಿಷ್ಯ ಇನ್ನೂ ಡೇಂಜರ್, ಅದನ್ನ ಮುಂದಕ್ಕೆ ಹಾಕ್ಬೇಡಿ. ನಿಮ್ಮದು ಮಾಮೂಲಿ ಸ್ವಿಚ್ ಇರ್ಬೇಕು, ಕರೆಂಟ್ ಹೋದ್ರೂ ಆನಲ್ಲೇ ಇರುತ್ತೆ. ತೋಟದ ಪಂಪ್‌ಸೆಟ್ಟಿಗೆ ಹಾಕ್ತಾರಲ್ಲ ಹಸಿರು ಕೆಂಪು ಬಟನ್ ಇರೋ ಡಿಒಎಲ್ ಸ್ಟಾರ್ಟರ್, ಅದೇ ಥರದ್ದು ಸಿಂಗಲ್ ಫೇಸಿಂದು ಹಾಕ್ಸಿ. ಕರೆಂಟ್ ಹೋದ್ರೆ ಕಾಯಿಲ್ ಬಿಟ್ಕೊಳ್ಳುತ್ತೆ, ಮತ್ತೆ ಹಸಿರು ಒತ್ತೋ ತನಕ ಮಷೀನ್ ತಿರುಗಲ್ಲ. ರೈತರು ರಾತ್ರಿ ಕರೆಂಟಿಗೆ ಅಂತ ಹಾಕೋ ಆಟೋ ಸ್ಟಾರ್ಟರ್ ಮಾತ್ರ ಬೇಡವೇ ಬೇಡ, ಅದು ತಾನೇ ಆನ್ ಮಾಡುತ್ತೆ.

ಬೊಂಬೆಊರು:
ಚನ್ನಪಟ್ಟಣದಿಂದ. ನಾವು ಆಲೆಮರದಲ್ಲಿ ಸಣ್ಣ ಬೊಂಬೆ ಮಾಡೋರು, ಆದ್ರೂ ಬಿರುಕು ಬಿಟ್ಟ ತುಂಡನ್ನ ಲೇತಿಗೆ ಹಾಕಲ್ಲ. ನಿಮ್ಮ ಹಲಸಿನ ತುಂಡನ್ನ ಒಂದ್ಸಲ ಬೆರಳಲ್ಲಿ ತಟ್ಟಿ ನೋಡಿ, ಟಣ್ ಅನ್ನದೆ ಒಡಕು ಸೌಂಡ್ ಬಂದ್ರೆ ಬಿಟ್ಬಿಡಿ. ತಿರುಗೋ ಮರದ ಹತ್ರ ಗ್ಲೌಸ್, ಉದ್ದ ತೋಳಿನ ಶರ್ಟ್, ಬೆರಳಿಗೆ ಸುತ್ಕೊಂಡ ಬಟ್ಟೆ ಯಾವ್ದೂ ಬೇಡ, ಸಿಕ್ಕಾಕೊಂಡ್ರೆ ಕೈಯನ್ನೇ ಎಳ್ಕೊಳ್ಳುತ್ತೆ. ಮಗಳನ್ನ ತುಂಡಿನ ನೇರಕ್ಕಂತೂ ನಿಲ್ಲಿಸ್ಬೇಡಿ.

ಮರದಹುಡಿ:
ಎಲ್ರಿಗೂ ಥ್ಯಾಂಕ್ಸ್. ಬೆಲ್ಟ್ ತೆಗೆದು ನೋಡ್ದೆ, ಸ್ಪಿಂಡಲ್ ನುಣ್ಣಗೆ ತಿರುಗುತ್ತೆ, ಆಟ ಇಲ್ಲ. ಮೂಲೆ ಕತ್ತರಿಸ್ತೀನಿ. ವೈರಿಂಗ್ ಅಣ್ಣ, ಸ್ಟಾರ್ಟರ್ ರಿಲೇ (ಲೋಡ್ ಜಾಸ್ತಿಯಾದ್ರೆ ಮೋಟ್ರು ನಿಲ್ಸೋದು) ಎಷ್ಟು ಆಂಪ್ಸಿಂದು ತಗೊಳ್ಲಿ?

ವೈರಿಂಗ್‌ಅಣ್ಣ:
ಮೋಟ್ರಿನ ಪ್ಲೇಟಲ್ಲಿ ಆಂಪ್ಸ್ ಬರೆದಿರುತ್ತೆ, ಆ ನಂಬರ್ ರಿಲೇ ರೇಂಜ್ ಒಳಗೆ ಬರೋದು ತಗೊಳ್ಳಿ. ಪ್ಲೇಟ್ ಫೋಟೋ ಹಾಕಿ, ನೋಡಿ ಹೇಳ್ತೀನಿ.