ನೀರಿಲ್ಲದ ಅಂಗಳದಲ್ಲಿ ಚಿಟ್ಟೆಗೆಂದು ಎಕ್ಕ: ಬೆಳೆಸಿದವರ ಅನುಭವ

ಸುರತ್ಕಲ್‌ನಿಂದ ಪ್ರಶ್ನೆ: ನಮ್ಮದು ಮುರಕಲ್ಲಿನ ಜಾಗ. ಏಪ್ರಿಲ್ ಬಂದರೆ ಬಾವಿ ನೀರು ಮನೆ ಖರ್ಚಿಗೇ ಸಾಲುವುದಿಲ್ಲ. ಚಿಟ್ಟೆಗಳಿಗೆ ಮಿಲ್ಕ್‌ವೀಡ್, ಅಂದರೆ ಚಿಟ್ಟೆ ಮೊಟ್ಟೆ ಇಡುವ, ಮುರಿದರೆ ಹಾಲು ಬರುವ ಗಿಡ, ನೆಡುವ ಆಸೆ ಉಂಟು. ನರ್ಸರಿಯಲ್ಲಿ ಕೆಂಪು-ಹಳದಿ ಹೂವಿನದ್ದು ತೋರಿಸಿದರು. ನಮ್ಮ ಊರಿನದ್ದೇ ಗಿಡ ಯಾವುದಾದರೂ ಉಂಟಾ?

ಮಲ್ಪೆಯಿಂದ: ಉಂಟಲ್ಲ, ಎಕ್ಕ! ನರ್ಸರಿಯವರು ತೋರಿಸಿದ್ದು ಅಮೆರಿಕ ಕಡೆಯಿಂದ ಬಂದ ಗಿಡ. ಚಿಟ್ಟೆ ಅದರಲ್ಲೂ ಮೊಟ್ಟೆ ಇಡುತ್ತದೆ, ಆದರೆ ಅದಕ್ಕೆ ನೀರು ಹಾಕುತ್ತಲೇ ಇರಬೇಕು. ಎಕ್ಕ ಇಲ್ಲಿ ಕಡಲ ಬದಿಯ ಮರಳಿನಲ್ಲೇ ತಾನಾಗಿ ಬೆಳೆಯುತ್ತದೆ. ದಪ್ಪ ಎಲೆ, ಮೇಲೆ ಬಿಳಿ ಮೇಣದ ಪುಡಿ, ಆಳಕ್ಕೆ ಇಳಿಯುವ ಬೇರು. ಮೊದಲ ಬೇಸಿಗೆ ದಾಟಿಸಿದರೆ ಸಾಕು. ಹೆದರಬೇಕಾದದ್ದು ಮಳೆಗಾಲಕ್ಕೆ. ಜೂನ್ ಮಳೆಯ ನೀರು ನಿಲ್ಲುವಲ್ಲಿ ಬೇರು ಕೊಳೆತೇ ಹೋಗುತ್ತದೆ. ಧರೆಯ ಅಂಚಿನಲ್ಲೋ ಮಣ್ಣು ಏರಿಸಿಯೋ ನೆಡಿ, ಬಿಸಿಲು ಚೆನ್ನಾಗಿ ಬೀಳಲಿ. ಬಲಿತ ಕೊಂಬೆ ತುಂಡೂ ಚಿಗುರುತ್ತದೆ, ಕಡಿದ ಕಡೆಯ ಹಾಲು ಒಣಗಿದ ಮೇಲೆ ಊರಿ.

ಮಣಿಪಾಲದಿಂದ: ಎಕ್ಕಕ್ಕೆ ಬರುವುದು ಪ್ಲೇನ್ ಟೈಗರ್ ಎಂಬ ಚಿಟ್ಟೆ. ಕಿತ್ತಳೆ ಬಣ್ಣ, ಮುಂದಿನ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಪಟ್ಟೆ. ಎಲೆಯಡಿಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳದ ಮೈಗೆ ಕಪ್ಪು-ಬಿಳಿ ಪಟ್ಟೆ, ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆ. ಅದು ತಿನ್ನುವುದನ್ನು ಒಮ್ಮೆ ಕೂತು ನೋಡಲೇಬೇಕು. ಬಲಿತ ಹುಳ ಮೊದಲು ಎಲೆಯ ನರ ಕಚ್ಚಿ ಹಾಲು ಸುರಿದುಹೋಗಲು ಬಿಡುತ್ತದೆ, ಆಮೇಲೆ ಹಾಲು ತಲುಪದ ಆಚೆಯ ಭಾಗ ತಿನ್ನುತ್ತದೆ. ಎಂಥಾ ಜಾಣತನ! ಎಲೆಯೆಲ್ಲ ತೂತಾಯಿತೆಂದು ಬೇಸರ ಬೇಡ, ಗಿಡ ಮತ್ತೆ ಚಿಗುರುತ್ತದೆ. ಎಳೆ ಚಿಗುರಿಗೆ ಹಳದಿ ಗಿಡಹೇನು ಮುತ್ತುವುದು ಖಂಡಿತ. ದಯವಿಟ್ಟು ಏನೂ ಸಿಂಪಡಿಸಬೇಡಿ, ಬೇವಿನೆಣ್ಣೆಯೂ ಬೇಡ, ಹುಳಕ್ಕೆ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರಾಯಿತು.

ಕದ್ರಿಯಿಂದ: ಬಿಳಿ ಎಕ್ಕವೋ ನೇರಳೆಯೋ, ಚಿಟ್ಟೆಗೆ ಎರಡೂ ಆಗುತ್ತದೆ. ಕೊಂಬೆ ಕಡಿಯುವಾಗ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಸಿಡಿದರೆ ಚೆನ್ನಾಗಿ ನೀರಿನಲ್ಲಿ ತೊಳೆದು ಕೂಡಲೇ ಡಾಕ್ಟರರಿಗೆ ತೋರಿಸಿ. ಮಕ್ಕಳು ಆಡುವ ಜಾಗದಲ್ಲಂತೂ ನೆಡುವುದೇ ಬೇಡ. ರಥಸಪ್ತಮಿ ಸ್ನಾನಕ್ಕೆ ಅಕ್ಕಪಕ್ಕದವರು ಏಳೆಲೆ ಕೇಳಿಕೊಂಡು ಬರುತ್ತಾರೆ. ಎಲೆ ಮಗುಚಿ ನೋಡಿ, ಮೊಟ್ಟೆ ಇಲ್ಲದ್ದನ್ನೇ ಕೊಡಿ. ನಮ್ಮ ಗಿಡದಲ್ಲಿ ಕಾಯಿ ಉಂಟು, ಒಡೆದು ಅರಳೆ ಹಾರುವ ಮೊದಲು ಬಟ್ಟೆ ಕಟ್ಟಿ ಇಡುತ್ತೇನೆ. ಬೀಜ ಬೇಕಾದರೆ ಈ ಕಡೆ ಬಂದಾಗ ತಗೊಂಡು ಹೋಗಿ.