ಪುಡಿ ಬಿಯರ್: ನೀರು ಬೆರೆಸಿದರೆ ಅದು ಬಿಯರ್ ಆಗುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ಜರ್ಮನಿಯ ಬ್ರೂವರಿಯೊಂದು ಬಿಯರನ್ನು ಪುಡಿ ಮಾಡಿದೆ, ಲೋಟದ ನೀರಿಗೆ ಎರಡು ಚಮಚ ಹಾಕಿ ಕದಡಿದರೆ ನೊರೆ ಸಮೇತ ಬಿಯರ್ ಸಿದ್ಧವಾಗುತ್ತದೆ ಎಂಬ ಸುದ್ದಿಯನ್ನು ಓದಿ ಸ್ನೇಹಿತರಿಗೆ ಹೇಳಿದೆ. ಒಬ್ಬರೂ ನಂಬಲಿಲ್ಲ. ಕುಡಿಯುವ ಅಭ್ಯಾಸವಿರುವವರು ಮೂಗು ಮುರಿದರು, ಇಲ್ಲದವರು ಏಪ್ರಿಲ್ ಫೂಲ್ ಸುದ್ದಿ ಎಂದರು. ನೀವು ಬ್ರೂಯಿಂಗ್ ಕ್ಷೇತ್ರದಲ್ಲೇ ಇರುವವರಾದ್ದರಿಂದ ಕೇಳುತ್ತಿದ್ದೇನೆ: ಇದು ನಿಜವೇ?

ಉತ್ತರ: ನಮಸ್ಕಾರ. ಸುದ್ದಿ ನಿಜ. ಜರ್ಮನಿಯ ಬ್ರಾಂಡೆನ್‌ಬರ್ಗ್ ರಾಜ್ಯದಲ್ಲಿ, ಪೋಲೆಂಡ್ ಗಡಿಗೆ ಹತ್ತಿರವಿರುವ ನಾಯ್‌ತ್ಸೆಲ್ಲೆ ಎಂಬ ಊರಿನ ಬ್ರೂವರಿಯು 2023ರ ಮಾರ್ಚ್‌ನಲ್ಲಿ ಇದನ್ನು ಪ್ರಕಟಿಸಿತು. ಅಲ್ಲಿನ ಕ್ರೈಸ್ತ ಮಠದ ಪರಂಪರೆಯನ್ನು ಮುಂದುವರಿಸುವ ಈ ಬ್ರೂವರಿ ತನ್ನ ಇತಿಹಾಸವನ್ನು 1589ರಿಂದ ಲೆಕ್ಕ ಹಾಕುತ್ತದೆ. ವಿವಾದ ಇದಕ್ಕೆ ಹೊಸದೂ ಅಲ್ಲ. ತನ್ನ ಕಪ್ಪು ಬಿಯರಿಗೆ ಸಕ್ಕರೆ ಪಾಕ ಬೆರೆಸುತ್ತದೆ ಎಂಬ ಕಾರಣಕ್ಕೆ ಅದನ್ನು 'ಬಿಯರ್' ಎಂದು ಕರೆಯಲು ಅಧಿಕಾರಿಗಳು ಅನುಮತಿ ನಿರಾಕರಿಸಿದಾಗ, ವರ್ಷಗಟ್ಟಲೆ ಹೋರಾಡಿ 2005ರಲ್ಲಿ ಜರ್ಮನಿಯ ಸರ್ವೋಚ್ಚ ಆಡಳಿತ ನ್ಯಾಯಾಲಯದಲ್ಲಿ ಗೆದ್ದ ಸಂಸ್ಥೆಯಿದು.

ಆದರೆ ಸುದ್ದಿಯ ತಲೆಬರಹದಲ್ಲಿ ಬಿಟ್ಟುಹೋದ ಮಾತೊಂದಿದೆ. ಅವರು ಮೊದಲು ತೋರಿಸಿದ ಪುಡಿಯಲ್ಲಿ ಆಲ್ಕೋಹಾಲ್ ಇರಲಿಲ್ಲ. ಡೆಕ್ಸ್‌ಟ್ರಿನ್ (ಪಿಷ್ಟ ಒಡೆದಾಗ ಸಿಗುವ, ಸಕ್ಕರೆ ಜಾತಿಯ ಪದಾರ್ಥ) ಹೆಚ್ಚಾಗಿರುವ, ಆಲ್ಕೋಹಾಲ್ ಇಲ್ಲದ ಬಿಯರನ್ನು ಎಂದಿನ ಕ್ರಮದಲ್ಲಿ ತಯಾರಿಸಿ, ಅದನ್ನು ನೀರಿನಲ್ಲಿ ಕರಗುವ ಪುಡಿಯಾಗಿ ಒಣಗಿಸಿದ್ದರು. ಆಲ್ಕೋಹಾಲನ್ನೂ ಗ್ಯಾಸನ್ನೂ ಪುಡಿಯ ರೂಪದಲ್ಲಿ ಸೇರಿಸುವುದು ಮುಂದಿನ ಹೆಜ್ಜೆ ಎಂದು ಹೇಳಿಕೊಂಡಿದ್ದರು. ನಿಮ್ಮ ಸ್ನೇಹಿತರು ಅನುಮಾನ ಪಡುವುದಾದರೆ ಪುಡಿಯ ಬಗ್ಗೆ ಪಡುವುದು ಬೇಡ, ಈ ಮುಂದಿನ ಹೆಜ್ಜೆಯ ಬಗ್ಗೆ ಪಡಲಿ.

ಪ್ರಶ್ನೆ: ಆಲ್ಕೋಹಾಲ್ ಆವಿಯಾಗಿ ಹೋಗುವ ವಸ್ತುವಲ್ಲವೇ ಮೇಡಂ? ಬಿಯರನ್ನು ಒಣಗಿಸಿದ ಮೇಲೆ ಉಳಿಯುವುದಾದರೂ ಏನು?

ಉತ್ತರ: ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಶೇ. 5ರ ಸಾಮರ್ಥ್ಯದ ಅರ್ಧ ಲೀಟರ್ ಬಿಯರನ್ನು ತೆಗೆದುಕೊಳ್ಳಿ. ಅದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್, ಎರಡೂವರೆ ಗ್ರಾಂನಷ್ಟು ಕರಗಿದ ಕಾರ್ಬನ್ ಡೈಆಕ್ಸೈಡ್ ಮತ್ತು 15ರಿಂದ 20 ಗ್ರಾಂ ಘನಾಂಶ ಇರುತ್ತವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳು, ಬಾರ್ಲಿಯ ಪ್ರೋಟೀನುಗಳು, ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಪದಾರ್ಥಗಳು, ಖನಿಜಗಳು, ಬಣ್ಣ ಎಲ್ಲವೂ ಈ ಘನಾಂಶದಲ್ಲೇ ಸೇರಿವೆ. ಉಳಿದದ್ದೆಲ್ಲ ನೀರು. ಒಣಗಿಸಿದಾಗ ಆ ಘನಾಂಶವೊಂದೇ ಕೈಗೆ ಸಿಗುತ್ತದೆ.

ಕುತೂಹಲಕ್ಕೆಂದು ಒಮ್ಮೆ ಪ್ರಯೋಗಾಲಯದಲ್ಲಿ ಮಾಮೂಲಿ ಲಾಗರ್ ಬಿಯರನ್ನು ನಿರ್ವಾತದಲ್ಲಿ, ಕಡಿಮೆ ಉಷ್ಣತೆಯಲ್ಲಿ ಒಣಗಿಸಿ ನೋಡಿದ್ದೆ. ಫ್ಲಾಸ್ಕಿನ ಒಳಗೋಡೆಗೆ ಜೇನಿನ ಬಣ್ಣದ ತೆಳುವಾದ ಪೊರೆಯೊಂದು ಅಂಟಿಕೊಂಡಿತ್ತು. ಕೆರೆದು ತೆಗೆದಾಗ ಗಾಜಿನ ಚೂರುಗಳ ಹಾಗೆ ಪುಡಿಪುಡಿಯಾಗಿ ಉದುರಿತು. ತಟ್ಟೆಯ ಮೇಲಿಟ್ಟು ಬೇರೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಗಾಳಿಯ ತೇವವನ್ನು ಹೀರಿಕೊಂಡು ಬೆಲ್ಲದ ಪಾಕದಂತೆ ಜಿಗುಟಾಗಿತ್ತು. ನಾಲಿಗೆಯ ತುದಿಗೆ ಇಟ್ಟುಕೊಂಡರೆ ಸಪ್ಪೆ ಸಿಹಿ, ಅದರ ಹಿಂದೆಯೇ ಬಹಳ ಹೊತ್ತು ಬಿಡದ ಕಹಿ. ಮೂಗಿಗೆ ಸಿಕ್ಕಿದ್ದು ಬ್ರೆಡ್ಡಿನ ಸಿಪ್ಪೆಯ ವಾಸನೆ ಮಾತ್ರ, ಬಿಯರಿನ ವಾಸನೆ ಅಲ್ಲವೇ ಅಲ್ಲ.

ಇನ್ನು ಆಲ್ಕೋಹಾಲ್. ಅದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಮೈನಸ್ 114 ಡಿಗ್ರಿಗೆ ಇಳಿಸಿದರಷ್ಟೇ ಗಟ್ಟಿಯಾಗುತ್ತದೆ. ಅಂದರೆ ನಾವು ಬದುಕುವ ಯಾವ ಹವೆಯಲ್ಲೂ ಆಲ್ಕೋಹಾಲ್ ತಾನಾಗಿ ಪುಡಿಯಾಗುವುದಿಲ್ಲ. 'ಪುಡಿ ಆಲ್ಕೋಹಾಲ್' ಎನ್ನುವುದು ಆಲ್ಕೋಹಾಲನ್ನು ಹಿಡಿದಿಟ್ಟುಕೊಂಡ ಪಿಷ್ಟದ ಪುಡಿ, ಅಷ್ಟೇ. ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರದಾಕಾರದ ಅಣುಗಳಾಗಲಿ ಬೇರೆ ಬಗೆಯ ಡೆಕ್ಸ್‌ಟ್ರಿನ್ ಆಗಲಿ ಆಲ್ಕೋಹಾಲನ್ನು ತಮ್ಮೊಳಗೆ ಸೆರೆಹಿಡಿಯುತ್ತವೆ. ನೀರಿಗೆ ಬಿದ್ದಾಗ ಬಿಟ್ಟುಕೊಡುತ್ತವೆ. ಅಮೆರಿಕದ ಜನರಲ್ ಫುಡ್ಸ್ ಕಂಪನಿ 1970ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿತ್ತು, ಆದ್ದರಿಂದ ವಿದ್ಯೆ ಹೊಸದಲ್ಲ.

ತೊಡಕಿರುವುದು ಲೆಕ್ಕದಲ್ಲಿ. ಪುಡಿಯ ತೂಕದ ಮೂರನೇ ಒಂದು ಪಾಲು ಆಲ್ಕೋಹಾಲ್ ಎಂದಿಟ್ಟುಕೊಂಡರೂ, ಅರ್ಧ ಲೀಟರಿಗೆ ಬೇಕಾದ 20 ಗ್ರಾಂ ಆಲ್ಕೋಹಾಲ್ ತರಲು 60 ಗ್ರಾಂ ಪುಡಿ ಹಾಕಬೇಕು. ಅದರ ಜೊತೆಗೆ 40 ಗ್ರಾಂ ಡೆಕ್ಸ್‌ಟ್ರಿನ್ ಲೋಟಕ್ಕೆ ಇಳಿಯುತ್ತದೆ. ಬಿಯರಿನಲ್ಲಿ ಸಹಜವಾಗಿ ಇರುವ ಒಟ್ಟು ಘನಾಂಶಕ್ಕಿಂತ ಇದು ಎರಡು ಪಟ್ಟು ಹೆಚ್ಚು. ಹಗುರವಾದ ಲಾಗರ್ ಬೇಕೆಂದವರ ಕೈಗೆ ಗಂಜಿಯ ತಿಳಿಯಂಥ ಪಾನೀಯ ಬರುತ್ತದೆ. ನನ್ನ ಮುಖ್ಯ ಆಕ್ಷೇಪ ಇದೇ: ಇಂಥ ಪುಡಿಯನ್ನು ಒಣಗಿಸಿದ ಬಿಯರ್ ಎನ್ನುವುದಕ್ಕಿಂತ, ಬೇರೆ ಬೇರೆ ಪುಡಿಗಳಿಂದ ಬಿಯರಿನಂತೆ ಜೋಡಿಸಿದ ಪಾನೀಯ ಎನ್ನುವುದು ಹೆಚ್ಚು ಸರಿ.

ಪ್ರಶ್ನೆ: ಗ್ಯಾಸ್ ಮತ್ತು ನೊರೆಯ ಕಥೆ ಏನು? ಬೀಸಿ ಕದಡಿದರೆ ನೊರೆ ಯಾವ ಪಾನೀಯದಲ್ಲಾದರೂ ಬಂದೀತು, ಅದು ಸೋಪಿನ ನೊರೆಯಂತೆ ಇರುವುದಿಲ್ಲವೇ?

ಉತ್ತರ: ನೊರೆಯ ವಿಷಯದಲ್ಲಿ ನಾನು ಪುಡಿಯ ಪರ ವಾದಿಸುತ್ತೇನೆ. ಬಿಯರಿನ ನೊರೆಯನ್ನು ಕಟ್ಟಿ ನಿಲ್ಲಿಸುವುದು ಬಾರ್ಲಿಯ ಕೆಲವು ಪ್ರೋಟೀನುಗಳು ಮತ್ತು ಹಾಪ್ಸ್‌ನ ಕಹಿ ಆಮ್ಲಗಳು. ಇವು ಬಿಸಿಗೆ ತಕ್ಕಮಟ್ಟಿಗೆ ಜಗ್ಗದ ಪದಾರ್ಥಗಳು. ಬಿಯರ್ ತಯಾರಿಕೆಯಲ್ಲಿ ಹೇಗೂ ಒಂದು ಗಂಟೆಯಷ್ಟು ಕುದಿದು ಬಂದಿರುತ್ತವೆ. ಜಾಗರೂಕತೆಯಿಂದ ಒಣಗಿಸಿದರೆ ಅವುಗಳಲ್ಲಿ ಬಹುಪಾಲು ಉಳಿಯುತ್ತವೆ.

ಗ್ಯಾಸಿನ ವಿಷಯ ಹಾಗಲ್ಲ. ಅದನ್ನು ಪುಡಿಯೊಳಗೆ ತರುವ ಪರಿಚಿತ ದಾರಿಯೆಂದರೆ ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ. ಮೇಲೆ ಹೇಳಿದ ಎರಡೂವರೆ ಗ್ರಾಂ ಗ್ಯಾಸ್ ಹುಟ್ಟಬೇಕಾದರೆ ಸುಮಾರು 5 ಗ್ರಾಂ ಸೋಡಾ, ಮೂರೂವರೆ ಗ್ರಾಂಗೂ ಮಿಕ್ಕಿ ಸಿಟ್ರಿಕ್ ಆಮ್ಲ ಬೇಕು. ಅದೂ ಹುಟ್ಟಿದ ಗ್ಯಾಸೆಲ್ಲ ನೀರಿನಲ್ಲೇ ನಿಂತರೆ ಮಾತ್ರ. ತೆರೆದ ಲೋಟದಲ್ಲಿ ಅದು ನಿಲ್ಲುವುದಿಲ್ಲ. ಅಷ್ಟು ಸೋಡಾದಿಂದ ಬರುವ ಸೋಡಿಯಂ ಒಂದು ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಇಡೀ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಇರಲಿ ಎನ್ನುತ್ತದೆ. ಆರೋಗ್ಯದ ಮಾತು ಹಾಗಿರಲಿ, ಅಷ್ಟು ಉಪ್ಪಿನಂಶ ಸೇರಿದ ಬಿಯರನ್ನು ಯಾರು ತಾನೇ ಎರಡನೇ ಗುಟುಕು ಕುಡಿದಾರು? ಸೋಡಿಯಂ ಬದಲು ಪೊಟ್ಯಾಸಿಯಂ ಬೈಕಾರ್ಬನೇಟ್ ಬಳಸಬಹುದು. ಅಮೆರಿಕದಲ್ಲಿ ಚಾರಣಿಗರಿಗೆಂದು ಬಂದ ಬಿಯರ್ ಸಾರ, ಅಂದರೆ ದ್ರವರೂಪದ ಕಾನ್ಸಂಟ್ರೇಟ್, ಈ ಉಪಾಯವನ್ನೇ ಬಳಸಿತು. ಅವರು ಅದಕ್ಕೆಂದೇ ಮುಚ್ಚಳವಿರುವ, ಒತ್ತಡ ತಡೆಯುವ ವಿಶೇಷ ಬಾಟಲಿಯನ್ನೂ ಕೊಡಬೇಕಾಯಿತು ಎಂಬುದನ್ನು ಗಮನಿಸಿ.

ಅದೇ ಸದಸ್ಯರು: ಹಾಗಾದರೆ ಪುಡಿಯನ್ನು ನೇರವಾಗಿ ತಣ್ಣನೆಯ ಸೋಡಾ ನೀರಿಗೆ ಹಾಕಿದರೆ ಆಗದೇ?

ಉತ್ತರ: ಹಾಕಿ ನೋಡಿ, ಮೇಜು ಒರೆಸುವ ಬಟ್ಟೆಯನ್ನು ಪಕ್ಕದಲ್ಲಿ ಇಟ್ಟುಕೊಂಡು! ಪುಡಿಯ ಒಂದೊಂದು ಕಣದ ಮೇಲೂ ಗ್ಯಾಸಿನ ಗುಳ್ಳೆ ಹುಟ್ಟುತ್ತದೆ, ಒಂದೇ ಏಟಿಗೆ ಲೋಟ ಉಕ್ಕಿ ಹರಿಯುತ್ತದೆ, ತಳದಲ್ಲಿ ಉಳಿಯುವುದು ಗಂಟುಗಂಟಾದ ಸಪ್ಪೆ ನೀರು. ಪುಡಿಯನ್ನು ಮೊದಲು ಸ್ವಲ್ಪ ಸಾದಾ ನೀರಿನಲ್ಲಿ ಗಂಟಿಲ್ಲದಂತೆ ಪೂರ್ತಿ ಕರಗಿಸಿ, ಆ ದ್ರಾವಣವನ್ನು ತಣ್ಣಗಾಗಿಸಿ, ಲೋಟವನ್ನು ಓರೆಯಾಗಿ ಹಿಡಿದು ಅಂಚಿನ ಗುಂಟ ನಿಧಾನವಾಗಿ ಸೋಡಾ ನೀರು ಇಳಿಸುವುದೇ ಸರಿಯಾದ ಕ್ರಮ. ಇಷ್ಟೆಲ್ಲ ಮಾಡುವ ಹೊತ್ತಿಗೆ ಬಾಟಲಿಯ ಮುಚ್ಚಳ ತೆರೆದು ಕುಡಿದು ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಪ್ರಶ್ನೆ (ಬೇರೊಬ್ಬ ಸದಸ್ಯರು): ನನ್ನದು ನೇರ ಅಭಿಪ್ರಾಯ. ಇನ್‌ಸ್ಟಂಟ್ ಕಾಫಿ ಬಂದಾಗಲೂ ಜನ ಹೀಗೆಯೇ ಗೊಣಗಿರಬೇಕು, ಇಂದು ಅದು ಮನೆಮನೆಯಲ್ಲಿದೆ. ಬಿಯರ್ ಕುಡಿಯುವವರ ಅನುಮಾನವೂ ಬರೀ ಅಭ್ಯಾಸಬಲ ಅಲ್ಲವೇ?

ಉತ್ತರ: ಅರ್ಧ ಒಪ್ಪುತ್ತೇನೆ. ಹೆಸರು ಕೇಳಿದ ಕೂಡಲೇ ಕೈಯಾಡಿಸಿ ತಳ್ಳಿಹಾಕುವವರಲ್ಲಿ ಹೆಚ್ಚಿನವರು ಅದನ್ನು ಕುಡಿದು ನೋಡಿಲ್ಲ. ಕಣ್ಣು ಕಟ್ಟಿ ಕೊಟ್ಟರೆ ಎಷ್ಟು ಮಂದಿ ಪತ್ತೆಹಚ್ಚುತ್ತಾರೋ ನೋಡಬೇಕು ಎಂಬ ತುಂಟ ಆಸೆ ನನಗೂ ಇದೆ.

ಆದರೆ ಕಾಫಿಯ ಹೋಲಿಕೆ ಒಂದು ಹಂತದವರೆಗೆ ಮಾತ್ರ ಬರುತ್ತದೆ. ಕಾಫಿಯನ್ನು ನಾವು ಕುಡಿಯುವ ಕ್ಷಣದಲ್ಲಿ ಹೇಗೂ ಬಿಸಿನೀರಿನಿಂದಲೇ ತಯಾರಿಸುತ್ತೇವೆ. ಅದರ ಮುಖ್ಯ ಸತ್ವವಾದ ಕೆಫೀನ್ ಘನವಸ್ತು, ಒಣಗಿಸಿದರೂ ಎಲ್ಲಿಗೂ ಹೋಗುವುದಿಲ್ಲ. ಬಿಯರಿನಲ್ಲಿ ಜನ ಇಷ್ಟಪಡುವ ಮೂರೂ ಗುಣಗಳು, ಅಂದರೆ ಆಲ್ಕೋಹಾಲಿನ ಬಿಸುಪು, ಗ್ಯಾಸಿನ ಚುರುಕು, ಪರಿಮಳ, ಹಾರಿಹೋಗುವ ಜಾತಿಗೆ ಸೇರಿದವು. ಗೋಧಿ ಬಿಯರಿನ ಬಾಳೆಹಣ್ಣಿನ ವಾಸನೆಗೆ ಕಾರಣವಾದ ಐಸೋಅಮೈಲ್ ಅಸಿಟೇಟ್ ಆಗಲಿ, ಹಾಪ್ಸ್ ಹೂವಿನ ಮಿರ್ಸೀನ್, ಲಿನಲೂಲ್‌ನಂಥ ತೈಲಗಳಾಗಲಿ ನೀರಿನ ಆವಿಯೊಂದಿಗೆ ಸಲೀಸಾಗಿ ಹೊರಟುಹೋಗುತ್ತವೆ. ಕೊನೆಗೆ ಅವನ್ನು ಹೊರಗಿನಿಂದ ಮತ್ತೆ ಬೆರೆಸಬೇಕಾಗುತ್ತದೆ. ಬೆರೆಸಿದ್ದು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಆದರೂ ಯೀಸ್ಟ್ ದಿನಗಟ್ಟಲೆ ಕುಳಿತು ಹೆಣೆದ ನೂರಾರು ವಾಸನೆಗಳ ಜಾಗದಲ್ಲಿ ನಾಲ್ಕೈದನ್ನು ತಂದಿಟ್ಟರೆ ನುರಿತ ಮೂಗಿಗೆ ಗೊತ್ತಾಗಿಯೇ ಆಗುತ್ತದೆ. ಹೀಗಾಗಿ ಪುಡಿ ಗೆಲ್ಲುವ ಸಾಧ್ಯತೆಯಿರುವುದು ಪರಿಮಳ ಕಡಿಮೆಯಿರುವ ಸಾಧಾರಣ ಲಾಗರ್‌ನಲ್ಲಿ ಅಥವಾ ಆಲ್ಕೋಹಾಲ್ ಇಲ್ಲದ ಬಿಯರಿನಲ್ಲಿ ಎಂಬುದು ನನ್ನ ಅಂದಾಜು.

ಪ್ರಶ್ನೆ: ಇಷ್ಟು ಕಷ್ಟಪಟ್ಟು ಪುಡಿ ಮಾಡುವುದಾದರೂ ಏಕೆ?

ಉತ್ತರ: ಸಾಗಣೆಗಾಗಿ. ಅರ್ಧ ಲೀಟರ್ ಬಿಯರ್ ಅರ್ಧ ಕೆಜಿ ತೂಗುತ್ತದೆ, ಅದನ್ನು ಹೊತ್ತ ಗಾಜಿನ ಬಾಟಲಿಯದೇ ಹತ್ತಿರ ಹತ್ತಿರ 350 ಗ್ರಾಂ. ಹಡಗಿನಲ್ಲಿ ದೂರದ ಖಂಡಕ್ಕೆ ಹೋಗುವುದು ಬಹುಪಾಲು ನೀರು ಮತ್ತು ಗಾಜು. ಪುಡಿಯಾದರೆ ತೂಕ ಶೇ. 90ರಷ್ಟು ಇಳಿಯುತ್ತದೆ ಎಂದು ನಾಯ್‌ತ್ಸೆಲ್ಲೆಯವರು ಹೇಳಿದ್ದು ಈ ಲೆಕ್ಕದಲ್ಲೇ, ಅದರಲ್ಲಿ ಉತ್ಪ್ರೇಕ್ಷೆ ಕಾಣಿಸುವುದಿಲ್ಲ. ಏಷ್ಯಾ ಮತ್ತು ಆಫ್ರಿಕಾದ ಮಾರುಕಟ್ಟೆಗಳ ಮೇಲೆ ಅವರ ಕಣ್ಣಿದೆ. ಒಣಗಿಸಲು ಬೇಕಾದ ಶಕ್ತಿಯನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂಬುದು ನನ್ನ ತಕರಾರು, ಏಕೆಂದರೆ ನೀರನ್ನು ಆವಿ ಮಾಡುವುದು ಪುಕ್ಕಟೆ ಕೆಲಸವಲ್ಲ. ಹೊರಗೆ ತೆಗೆದ ನೀರನ್ನು ಕೊನೆಗೆ ಎಲ್ಲಿಂದಲಾದರೂ ತಂದು ಸುರಿಯಲೇಬೇಕು. ಆ ನೀರು ಗಡಸಾಗಿದ್ದರೆ, ಕ್ಲೋರಿನ್ ವಾಸನೆ ಹೊಡೆಯುತ್ತಿದ್ದರೆ, ಬಿಯರಿನ ರುಚಿಯೂ ಕೆಡುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಪುಡಿ ಮದ್ಯವನ್ನು ನಿಷೇಧಿಸಿದ್ದಾರೆ ಎಂದು ಕೇಳಿದ್ದೆ. ಅಪಾಯವೇ?

ಉತ್ತರ: ಅದು ಪಾಲ್ಕೋಹಾಲ್ ಎಂಬ ಉತ್ಪನ್ನದ ಸಂಗತಿ, ಅದು ವೋಡ್ಕಾ, ರಮ್ ಮತ್ತು ಕಾಕ್‌ಟೇಲ್‌ಗಳ ಪುಡಿ, ಬಿಯರಲ್ಲ. 2014ರ ಏಪ್ರಿಲ್‌ನಲ್ಲಿ ಅಲ್ಲಿನ ಕೇಂದ್ರ ಇಲಾಖೆ ಅದರ ಲೇಬಲ್‌ಗಳಿಗೆ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ಅದು ತಪ್ಪಾಗಿ ಆದದ್ದು ಎಂದು ಹಿಂದೆ ಸರಿಯಿತು. 2015ರ ಮಾರ್ಚ್‌ನಲ್ಲಿ ಮತ್ತೆ ಒಪ್ಪಿತು. ಅಷ್ಟರಲ್ಲಿ, ಮಕ್ಕಳ ಕೈಗೆ ಸಿಗಬಹುದು, ಕದ್ದು ಒಯ್ಯಬಹುದು, ಮೂಗಿಗೆ ಸೇದಬಹುದು ಎಂಬ ಭಯದಿಂದ ಹಲವು ರಾಜ್ಯಗಳು ನಿಷೇಧದ ಕಾನೂನು ತರತೊಡಗಿದ್ದವು. ಪುಡಿಯಾದ ಮಾತ್ರಕ್ಕೆ ಆಲ್ಕೋಹಾಲಿನ ತೀಕ್ಷ್ಣತೆ ಹೆಚ್ಚುವುದಿಲ್ಲ. ಆದರೆ ಹೇಳಿದ್ದಕ್ಕಿಂತ ಕಡಿಮೆ ನೀರಿಗೆ ಬೆರೆಸಿದರೆ ಪಾನೀಯ ಎಷ್ಟು ಗಡುಸಾಯಿತೆಂದು ಕುಡಿಯುವವರಿಗೆ ತಿಳಿಯದೆ ಹೋಗಬಹುದು, ಈ ಭಯಕ್ಕೆ ಆಧಾರವಿದೆ.

ಪ್ರಶ್ನೆ: ಕೊನೆಯದಾಗಿ ಒಂದು ಸಣ್ಣ ಅನುಮಾನ ಮೇಡಂ. ಬಿಯರ್ ತಯಾರಿಸುವ ಸಾಮಗ್ರಿಗಳಲ್ಲಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಎಂಬ ಪುಡಿ ಬರುತ್ತದಲ್ಲ, ಅದೂ ಪುಡಿ ಬಿಯರೇ?

ಉತ್ತರ: ಅಲ್ಲ. ಅದು ಒಣಗಿಸಿದ ವರ್ಟ್, ಅಂದರೆ ಇನ್ನೂ ಹುದುಗದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ರಸ. ಬಿಸಿ ಪಾತ್ರೆಯ ಮೇಲೆ ಹಿಡಿದು ಸುರಿಯಲು ಹೋದರೆ ಹಬೆ ತಾಗಿ ಚಮಚಕ್ಕೇ ಮೆತ್ತಿಕೊಂಡು ಕೂರುವ ಹಟಮಾರಿ ಪುಡಿ ಅದು. ಆದರೆ ನಿಮ್ಮ ಅನುಮಾನದಲ್ಲಿ ಸತ್ವವಿದೆ. ಎರಡೂವರೆಯಿಂದ ಮೂರು ಕೆಜಿ ಮಾಲ್ಟ್ ಪುಡಿ, ಒಂದಿಷ್ಟು ಹಾಪ್ಸ್ ಉಂಡೆಗಳು, ಹತ್ತು ಹನ್ನೆರಡು ಗ್ರಾಂನ ಒಣ ಯೀಸ್ಟ್ ಪೊಟ್ಟಣ, ಇವಿಷ್ಟಿದ್ದರೆ 20 ಲೀಟರ್ ನೀರು ಶೇ. 5ರ ಆಸುಪಾಸಿನ ಬಿಯರ್ ಆಗುತ್ತದೆ. ಅರ್ಧ ಲೀಟರಿಗೆ ಎಪ್ಪತ್ತು ಗ್ರಾಂ ಆಸುಪಾಸು ಪುಡಿ ಬಂತು, ಸೈಕ್ಲೋಡೆಕ್ಸ್‌ಟ್ರಿನ್ ಲೆಕ್ಕದ 60 ಗ್ರಾಂಗಿಂತ ಬಹಳ ಹೆಚ್ಚೇನೂ ಅಲ್ಲ. ಆಲ್ಕೋಹಾಲ್, ಗ್ಯಾಸ್, ಪರಿಮಳ ಮೂರನ್ನೂ ಯೀಸ್ಟೇ ಸ್ಥಳದಲ್ಲಿ ತಯಾರಿಸಿಕೊಡುತ್ತದೆ. ಮನೆಯಲ್ಲಿ ಬಿಯರ್ ಮಾಡಲು ಎಲ್ಲ ಕಡೆಯೂ ಕಾನೂನಿನ ಅನುಮತಿ ಇರುವುದಿಲ್ಲ, ಅದನ್ನು ಮೊದಲು ವಿಚಾರಿಸಿಕೊಳ್ಳಿ. ಮತ್ತೆ, ಲೋಟ ಹಿಡಿದುಕೊಂಡು ಮೂರರಿಂದ ನಾಲ್ಕು ವಾರ ಕಾಯಬೇಕು.