ಪದ ಬೇಕಿದೆ: ಹವಳದ ತೊಟ್ಟಿಯ ‘ಪ್ರೊಟೀನ್ ಸ್ಕಿಮ್ಮರ್’ಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ)

ಕೇಳಿಕೆ

ಗೆಳೆಯರೆ, ಒಂದು ಪದ ತುರ್ತಾಗಿ ಬೇಕು. ಮೆಲ್ಬರ್ನಿನ ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಅದರಲ್ಲಿ ಜೀವಂತ ಹವಳ, ನಾಲ್ಕು ಮೀನು. ಶನಿವಾರ ನಾವು ಮೂರು ವಾರಕ್ಕೆ ಹೊರಡುತ್ತೇವೆ. ತೊಟ್ಟಿ ನೋಡಿಕೊಳ್ಳುವವರು ಹೊನ್ನಾವರದಿಂದ ಬಂದಿರುವ ನನ್ನ ಅಪ್ಪ. ಅವರು ಓದುವುದು ಕನ್ನಡ ಮಾತ್ರ. ತೊಟ್ಟಿ ಕೆಳಗಿನ ಕಪಾಟಿನ ಬಾಗಿಲಿಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ.

ತೊಡಕು ‘ಫಿಲ್ಟರ್’ ಅನ್ನುವಲ್ಲೇ ಶುರುವಾಗುತ್ತದೆ. ಆ ಹೆಸರಿನ ಮೂರು ಸಾಮಾನು ಕಪಾಟಿನೊಳಗಿವೆ. ಒಂದು, ಬಟ್ಟೆಯ ಚೀಲ. ಉಳಿದ ತಿಂಡಿ, ಮೀನಿನ ಹೊಲಸು ಅದರಲ್ಲಿ ನಿಲ್ಲುತ್ತದೆ. ಮೂರು ದಿನಕ್ಕೊಮ್ಮೆ ಬದಲಿಸದಿದ್ದರೆ ಅಲ್ಲೇ ಕೊಳೆಯುತ್ತದೆ. ಎರಡು, ಸ್ಕಿಮ್ಮರ್. ಮೂರು, ಕಂದು ಹರಳು ತುಂಬಿದ ಉದ್ದನೆಯ ಡಬ್ಬಿ. ಅದು ಕಬ್ಬಿಣದ ಆಕ್ಸೈಡು. ನೀರಿನಲ್ಲಿರುವ ಫಾಸ್ಫೇಟನ್ನು, ಅಂದರೆ ಕೊಳೆತದ್ದರಿಂದ ಬಂದು ಪಾಚಿ ಬೆಳೆಸುವ ಲವಣವನ್ನು, ಹಿಡಿದುಕೊಳ್ಳುತ್ತದೆ.

ಸ್ಕಿಮ್ಮರಿನ ಕೆಲಸ ಹೇಳಿಬಿಡುತ್ತೇನೆ. ಒಳಗೆ ಹಿಟ್ಟಿನಷ್ಟು ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ನೀರಿನಲ್ಲಿ ಕರಗಿದ ಜಿಡ್ಡು ಗುಳ್ಳೆಯ ಮೈಗೆ ಹತ್ತಿಕೊಂಡು ಮೇಲೇರುತ್ತದೆ. ಕೊಳವೆಯ ಕತ್ತು ದಾಟಿ ಒಂದು ಬಟ್ಟಲಿಗೆ ಬೀಳುತ್ತದೆ. ಬಣ್ಣ ಡಿಕಾಕ್ಷನ್ನಿನದು, ನಾತ ಒಣಮೀನಿನ ಗೋಣಿಯದು. ಕೊಳೆತು ಫಾಸ್ಫೇಟ್ ಬಿಡುವ ಮೊದಲೇ ಕೊಳೆ ಹೊರಗೆ ಹೋಯಿತು, ಅದೇ ಇದರ ಲಾಭ. ಮೊದಲು ನಾನು ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ಇಟ್ಟಿದ್ದೆ. ಕೊಳೆ ಅದರೊಳಗೇ ಕೂರುತ್ತಿತ್ತು, ನೀರು ಅದರ ಮೇಲೇ ಹರಿಯುತ್ತಿತ್ತು. ತಿಂಗಳಿಗೊಮ್ಮೆ ತೊಳೆದರೆ ಸಾಲದು ಅಂತ ಗೊತ್ತಾಗುವಷ್ಟರಲ್ಲಿ ಕಲ್ಲುಗಳ ಮೇಲೆಲ್ಲ ಪಾಚಿ. ಅದನ್ನು ತೆಗೆದು ಇದನ್ನು ತಂದೆ.

‘ಸ್ಕಿಮ್ಮರ್’, ‘ಫಾಸ್ಫೇಟ್’, ಈ ಎರಡಕ್ಕೂ ಪದ ಕೊಡಿ.

ಮರುನುಡಿ 1

ಸ್ಕಿಮ್ ಮಾಡಿದ ಹಾಲಿಗೆ ‘ಕೆನೆ ತೆಗೆದ ಹಾಲು’ ಎಂದೇ ಹೇಳುತ್ತೇವೆ. ಹಾಗಾಗಿ ‘ಕೆನೆಗ’. ಫಾಸ್ಫೇಟಿಗೆ ‘ರಂಜಕ’ ಆಗಲೇ ಇದೆ. ಸಾರಜನಕ, ರಂಜಕ, ಪೊಟ್ಯಾಷ್ ಎಂದು ರೈತರು ದಿನವೂ ಹೇಳುತ್ತಾರೆ. ಹುಡುಕುವ ಅಗತ್ಯವೇ ಇಲ್ಲ.

ಮರುನುಡಿ 2

‘ಕೆನೆಗ’ ಬೇಡ. ಕೆನೆ ಅಂದರೆ ನಾವು ಆಸೆಯಿಂದ ಉಳಿಸಿಕೊಳ್ಳುವ ವಸ್ತು. ಇದು ಚೆಲ್ಲುವ ಕೊಳೆ. ಇನ್ನು ‘-ಇಗ’ ಮನುಷ್ಯರಿಗೆ ಹತ್ತುವ ಒಟ್ಟು (ಪ್ರತ್ಯಯ): ಕನ್ನಡಿಗ, ಹೂವಾಡಿಗ. ಸಾಮಾನಿಗೆ ಹತ್ತಿಸಬೇಡಿ.

ಪದ ‘ನೊರೆ’ಯಿಂದಲೇ ಹುಟ್ಟಬೇಕು. ತಮಿಳಿನಲ್ಲಿ ನುರೈ, ತೆಲುಗಿನಲ್ಲಿ ನುರುಗು, ಮಲಯಾಳದಲ್ಲಿ ನುರ. ಇಷ್ಟು ಹಳೆಯ ಬೇರು ಕೈಯಲ್ಲಿರುವಾಗ ಎರವಲು ಯಾಕೆ? ‘ನೊರೆತೆಗೆ’ ಅನ್ನಿ. ಈಳಿಗೆ, ಸುತ್ತಿಗೆಗಳ ಸಾಲಿನಲ್ಲಿ ಕಿವಿಗೂ ಹಿತವಾಗಿ ಕೂರುತ್ತದೆ. ‘ರಂಜಕ’ ಸಂಸ್ಕೃತ. ಬಣ್ಣ ಕಟ್ಟುವುದು, ಸಂತಸ ಕೊಡುವುದು ಎಂಬ ಅರ್ಥದ್ದು. ರಸಾಯನಕ್ಕೂ ಅದಕ್ಕೂ ಏನು ನಂಟು? ತೆಲುಗಿನವರ ‘ಭಾಸ್ವರಂ’, ಮರಾಠಿ ಕೃಷಿಯ ‘ಸ್ಫುರದ್’ ಕೂಡ ಎರವಲೇ. ಆದರೂ ಅವೆರಡಕ್ಕೆ ಹೊಳೆಯುವುದು ಎಂಬ ಅರ್ಥವಾದರೂ ಇದೆ. ಗ್ರೀಕಿನ ‘ಬೆಳಕು ಹೊರುವುದು’ ಎಂಬ ಮೂಲಕ್ಕೆ ಹೊಂದುತ್ತವೆ.

ಮರುನುಡಿ 3

ನಾನು ರಸಾಯನಶಾಸ್ತ್ರ ಕಲಿಸಿದವಳು. ‘ರಂಜಕ’ ಸಂಸ್ಕೃತವೋ ಅಲ್ಲವೋ, ಅದು ನನ್ನ ಚಿಂತೆಯಲ್ಲ. ರಂಜಕ ಅಂದರೆ ಫಾಸ್ಫರಸ್. ಅದು ಫಾಸ್ಫೇಟ್ ಅಲ್ಲ. ಫಾಸ್ಫೇಟಿನಲ್ಲಿ ಆಮ್ಲಜನಕವೂ ಇದೆ. ಫಾಸ್ಫರಸ್ಸಿನ ಪರಮಾಣು ತೂಕ 31, ಆಮ್ಲಜನಕವೂ ಸೇರಿ ಫಾಸ್ಫೇಟಿನ ತೂಕ 95. ಮೂರು ಪಟ್ಟು ಬಂತಲ್ವಾ?

ಕೇಳಿದವರಿಗೆ ಒಂದು ಪ್ರಶ್ನೆ. ನಿಮ್ಮ ಅಳೆಯುವ ಯಂತ್ರ ಯಾವುದನ್ನು ತೋರಿಸುತ್ತದೆ? ಕೆಲವು ಫಾಸ್ಫೇಟನ್ನೇ ತೋರಿಸುತ್ತವೆ, ಕೆಲವು ಫಾಸ್ಫರಸ್ಸನ್ನು. ಹಾಳೆಯಲ್ಲಿ ಎರಡಕ್ಕೂ ‘ರಂಜಕ’ ಎಂದು ಬರೆದರೆ ನಿಮ್ಮ ತಂದೆಯವರು ಮೂರು ಪಟ್ಟು ತಪ್ಪುತ್ತಾರೆ.

ಇನ್ನೊಂದು. ಹರಳು ಫಾಸ್ಫೇಟನ್ನು ‘ಹೀರುತ್ತದೆ’ ಅಂತ ಬರೆಯಬೇಡಿ. ಬಟ್ಟೆ ನೀರು ಹೀರುವುದು ಬೇರೆ, ಮೈಮೇಲೆ ಅಂಟಿಸಿಕೊಳ್ಳುವುದು ಬೇರೆ. ಪಠ್ಯದಲ್ಲಿ ಎರಡನೆಯದಕ್ಕೆ ‘ಅಧಿಶೋಷಣೆ’ ಎಂದಿತ್ತು. ಯಾವ ಮಗುವಿಗೂ ಅರ್ಥವಾಗಲಿಲ್ಲ. ನಾನು ತರಗತಿಯಲ್ಲಿ ‘ಮೈಗಂಟು’ ಎಂದು ಹೇಳುತ್ತಿದ್ದೆ. ಮೈ ತುಂಬಿದ ಮೇಲೆ ಹರಳಿಗೆ ಇನ್ನು ಅಂಟಿಸಿಕೊಳ್ಳಲು ಜಾಗವಿಲ್ಲ, ಬದಲಿಸಬೇಕು. ಆ ಪದ ಹೇಳಿದರೆ ಇದೂ ತಾನಾಗಿ ಹೊಳೆಯುತ್ತದೆ.

ಕೇಳಿದವನಿಂದ

ಮೇಡಂ, ನೀವು ಕೇಳಿದ್ದು ಒಳ್ಳೆಯದಾಯಿತು. ನನ್ನ ಯಂತ್ರ ಫಾಸ್ಫರಸ್ಸನ್ನೇ ತೋರಿಸುವುದು, ಅದೂ ಶತಕೋಟಿಯಲ್ಲಿ ಎಷ್ಟು ಪಾಲು ಎಂದು. ಪರದೆಯ ಮೇಲೆ 20 ಬಂದರೆ ಫಾಸ್ಫೇಟ್ ಲೀಟರಿಗೆ ಸುಮಾರು 0.06 ಮಿಲಿಗ್ರಾಂ. ನಾನು 0.03ರಿಂದ 0.1ರ ನಡುವೆ ಇಟ್ಟುಕೊಳ್ಳುತ್ತೇನೆ. ಜಾಸ್ತಿಯಾದರೆ ಪಾಚಿ, ಹವಳದ ಸುಣ್ಣದ ಮೈ ಬೆಳೆಯುವುದೂ ನಿಧಾನ. ಹಾಗಂತ ಸೊನ್ನೆಗೆ ಇಳಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ. ಕಂದು ಲೋಳೆ ಹಬ್ಬುತ್ತದೆ. ಹೋದ ವರ್ಷ ಒಂದೇ ಸಲ ಜಾಸ್ತಿ ಹರಳು ಹಾಕಿ ಒಂದು ಕವಲುಹವಳ ಕಳೆದುಕೊಂಡೆ. ಬುಡದಿಂದ ಸಿಪ್ಪೆ ಸುಲಿದ ಹಾಗೆ ಬಿಳಿಯಾಯಿತು. ಅದು ಮತ್ತೆ ಆಗಬಾರದು.

ಮರುನುಡಿ 2

ಮೇಡಂ ಹೇಳಿದ ವ್ಯತ್ಯಾಸ ಒಪ್ಪಿದೆ. ಆದರೆ ಅದಕ್ಕಾಗಿ ‘ಫಾಸ್ಫೇಟ್’ ಎಂದೇ ಬರೆಯಬೇಕೇ? ಬರೆಯಲೇಬೇಕೆಂದರೆ ‘ಪಾಸ್ಪೇಟ್’ ಅನ್ನಿ. ಕನ್ನಡಿಗರ ಬಾಯಲ್ಲಿ ‘ಫ’ದ ಆ ಉಸಿರಿಲ್ಲ.

ಮರುನುಡಿ 4

ಇದು ಅತಿಯಾಯಿತು. ಗೊಬ್ಬರದ ಚೀಲ, ಶಾಲೆಯ ಪುಸ್ತಕ ಎಲ್ಲೆಡೆ ‘ಫಾಸ್ಫೇಟ್’ ಇದೆ. ಓದುವವರ ಕಣ್ಣಿಗೆ ಪಳಗಿದ ರೂಪ ಬಿಟ್ಟು ನಿಮ್ಮ ತತ್ವಕ್ಕಾಗಿ ಒಬ್ಬ ಹಿರಿಯರನ್ನು ಗೊಂದಲಕ್ಕೆ ತಳ್ಳಬೇಕೇ? ಎರವಲು ಬೇಡ ಅನ್ನುವವರು ‘ಹವಳ’ವನ್ನು ಏನು ಮಾಡುತ್ತೀರಿ? ವ್ಯಾಕರಣದ ತದ್ಭವ ಪಟ್ಟಿಯಲ್ಲಿ ‘ಪ್ರವಾಳ’ದ ಎದುರಿಗೆ ಕೂತಿರುವುದೇ ಅದು.

ಮರುನುಡಿ 2

ಆ ಪಟ್ಟಿ ಬರೆದವರಿಗೆ ಎಲ್ಲವೂ ಸಂಸ್ಕೃತದಿಂದಲೇ ಇಳಿದದ್ದು. ತಮಿಳಿನಲ್ಲಿ ಪವಳಂ ಇದೆ. ಕಡಲಂಚಿನಲ್ಲಿ ಬಾಳಿದ ದ್ರಾವಿಡರಿಗೆ ಹವಳಕ್ಕೊಂದು ಹೆಸರಿರಲಿಲ್ಲವೇ? ಕನ್ನಡದವರಿಗೂ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ.

ಮರುನುಡಿ 4

ಊಹೆ ಬೇರೆ, ಆಧಾರ ಬೇರೆ. ಪದ ಬಂದ ದಾರಿ ಯಾವುದಾದರೂ ಇರಲಿ, ಈಗ ಅದು ನಮ್ಮದು. ‘ಫಾಸ್ಫೇಟ್’ ಕೂಡ ಹಾಗೆಯೇ ನಮ್ಮದಾಗುತ್ತದೆ.

ಮರುನುಡಿ 3

ಅವರು ಶನಿವಾರ ಹೊರಡುತ್ತಾರೆ. ದಯವಿಟ್ಟು ನೆನಪಿರಲಿ.

ಕೇಳಿದವನಿಂದ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಹಾಳೆಯ ಮೊದಲ ಪ್ರತಿಯನ್ನು ಅಪ್ಪನ ಕೈಗೆ ಕೊಟ್ಟೆ. ‘ನೊರೆತೆಗೆಯನ್ನು ಎರಡು ದಿನಕ್ಕೊಮ್ಮೆ ತೊಳೆಯಿರಿ’ ಎಂದು ಬರೆದಿದ್ದೆ. ಅವರು ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪೂರ್ತಿ ಯಂತ್ರವನ್ನೇ ಕೀಳಲು ಕೈ ಹಾಕಿದರು. ತೊಳೆಯಬೇಕಾದ್ದು ಮೇಲಿನ ಬಟ್ಟಲನ್ನು ಮಾತ್ರ. ಪದ ಚೆನ್ನಾಗಿತ್ತು, ಆದರೆ ಬೇರೆ ಸಾಮಾನನ್ನು ತೋರಿಸಿತು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಿದಾಗ ಅವರು, “ಆಲೆಮನೇಲಿ ಕೊಪ್ಪರಿಗೆ ಮೇಲಿನ ಕೊಳೆನೊರೆ ತೆಗೆದ ಹಾಗೆ. ಬೇಗ ತೆಗೀದಿದ್ರೆ ಬೆಲ್ಲ ಕಪ್ಪಾಗ್ತದೆ” ಅಂದರು. ಮುಂದೆ ಏನೂ ವಿವರಿಸಬೇಕಾಗಲಿಲ್ಲ.

ಹಾಗಾಗಿ ಹಾಳೆಯಲ್ಲಿ ಅವರು ಮುಟ್ಟುವ ವಸ್ತುಗಳಿಗಷ್ಟೇ ಹೆಸರಿಟ್ಟಿದ್ದೇನೆ. ‘ಸೋಸುಚೀಲ’, ‘ನೊರೆಬಟ್ಟಲು’, ‘ಕಂದುಹರಳಿನ ಡಬ್ಬಿ’. ‘ಸೋಸು’ ಚೀಲಕ್ಕೆ ಮಾತ್ರ, ಏಕೆಂದರೆ ನಿಜವಾಗಿ ಸೋಸುವುದು ಅದೊಂದೇ. ಕರಗಿದ ಫಾಸ್ಫೇಟ್ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಅಳೆಯುವ ಯಂತ್ರದ ಸಂಖ್ಯೆಗೆ ಹೆಸರೇ ಬೇಡವೆಂದು ಹೀಗೆ ಬರೆದಿದ್ದೇನೆ: ‘ಪರದೆಯಲ್ಲಿ 10ರಿಂದ 30 ಇದ್ದರೆ ಸರಿ. 30 ದಾಟಿದರೆ ಮೀನಿನ ತಿಂಡಿ ಅರ್ಧ ಮಾಡಿ, ನನಗೆ ಫೋನ್ ಮಾಡಿ. 10ಕ್ಕಿಂತ ಇಳಿದರೆ ಡಬ್ಬಿಯ ಪಂಪ್ ನಿಲ್ಲಿಸಿ.’ ‘ಮೈಗಂಟು’ ಹಾಳೆಗೆ ಬೇಕಾಗಲಿಲ್ಲ. ಆದರೆ ಮಾತಿನಲ್ಲಿ ಬಳಸಿದೆ, ಅಪ್ಪನಿಗೆ ತಟ್ಟನೆ ಹಿಡಿಯಿತು.

ಮರುನುಡಿ 2

‘ನೊರೆಬಟ್ಟಲು’ ಒಪ್ಪಿದೆ. ಎರಡೂ ಅಚ್ಚ ಕನ್ನಡ.

ಮರುನುಡಿ 4

‘ಬಟ್ಟಲು’ ‘ವರ್ತುಲ’ದಿಂದ ಬಂದದ್ದೇ ಎಂದು ವಾದಿಸುವವರಿದ್ದಾರೆ. ಅದಕ್ಕೆ ಬೇರೆ ಎಳೆ ತೆರೆಯುತ್ತೇನೆ.